ಶಾಸಕರನ್ನು ಮತ್ತೆ ಕರೆಯಬೇಕೋ ಬೇಡವೋ?

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ಹಳ್ಳಿ. ನನಗೆ 23 ವರ್ಷ, ಊರಿನ ಯುವಕ ಸಂಘದ ಕಾರ್ಯದರ್ಶಿ. ಕಳೆದ ವರ್ಷ ಶಾಸಕರನ್ನು ಕರೆಸಿ ನಮ್ಮ ಊರಿನ ಭವಿಷ್ಯದ ಬಗ್ಗೆ ಯುವಕರ ಸಂವಾದ ಇಟ್ಟಿದ್ದೆವು. ಹತ್ತೂವರೆಗೆ ಬರಬೇಕಾದವರು ಹನ್ನೆರಡೂಮುಕ್ಕಾಲಿಗೆ ಬಂದರು. ಸ್ವಾಗತ, ಹಾರ, ಶಾಲು, ಅವರ ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಮೂರೇ ಪ್ರಶ್ನೆ ಕೇಳಲು ಆಯಿತು. ಮೂರಕ್ಕೂ 'ಖಂಡಿತ ಮಾಡೋಣ' ಅಂದರು. ವರ್ಷವಾಯಿತು, ಒಂದೂ ಆಗಿಲ್ಲ. ಈಗ ಸಂಘದಲ್ಲಿ ಎರಡು ಗುಂಪಾಗಿದೆ. ಮತ್ತೆ ಕರೆಯೋಣ ಅನ್ನುವವರು ಕೆಲವರು. ಇದೆಲ್ಲ ಸುಮ್ನೆ ದಂಡ ಅನ್ನುವವರೇ ಜಾಸ್ತಿ. ರಾಜಕಾರಣಿಗಳ ಜೊತೆ ಹುಡುಗರು ಕೂತು ಮಾತಾಡುವುದರಿಂದ ನಿಜವಾಗಿ ಏನಾದರೂ ಆಗುತ್ತದಾ? ಆಗುವುದಾದರೆ ಹೇಗೆ ಮಾಡಬೇಕು?

ಉತ್ತರ: ಕರೆಯಿರಿ. ಆದರೆ ಹೋದ ಸಲದ ಹಾಗೆ ಬೇಡ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶಾಸಕರು ಎಷ್ಟು ಹೊತ್ತಿಗೆ ಬಂದರು ಅಂತ ಇದೆ. ಹಾರ ಇದೆ, ಶಾಲು ಇದೆ, ಊಟ ಇದೆ. ನೀವು ಕೇಳಿದ ಆ ಮೂರು ಪ್ರಶ್ನೆ ಯಾವುವು ಅಂತ ಮಾತ್ರ ಎಲ್ಲೂ ಇಲ್ಲ. ಬೈಯುತ್ತಿಲ್ಲ. ಇದು ನಿಮ್ಮೊಬ್ಬರ ಕಥೆಯೂ ಅಲ್ಲ. ಪಂಚಾಯಿತಿ ಸದಸ್ಯರಿಗೆ, ಯುವಕ ಸಂಘಗಳಿಗೆ ತರಬೇತಿ ಕೊಡುತ್ತಾ ಇಪ್ಪತ್ತು ವರ್ಷ ಊರೂರು ತಿರುಗಿದ್ದೇನೆ. ಸಂವಾದ ಕೆಟ್ಟಿತು ಅಂತ ಹೇಳುವವರಿಗೆಲ್ಲ ನಾಯಕರು ತಡ ಮಾಡಿದ್ದು ನೆನಪಿರುತ್ತದೆ. ತಾವು ಕೇಳಿದ್ದು ನೆನಪಿರುವುದಿಲ್ಲ.

ನಾನೇ ಊಹೆ ಮಾಡಲಾ? ಒಂದು, ಯುವಕರಿಗೆ ಉದ್ಯೋಗ ಕೊಡಿಸಲು ಏನು ಮಾಡುತ್ತೀರಿ. ಎರಡು, ನಮ್ಮ ರಸ್ತೆ ಯಾವಾಗ. ಮೂರು, ಮೊಬೈಲ್ ನೆಟ್‌ವರ್ಕ್. ಸ್ವಲ್ಪ ಆಚೀಚೆ ಇರಬಹುದು. ಇಂಥ ಪ್ರಶ್ನೆಗೆ ಯಾವ ರಾಜಕಾರಣಿ ಬೇರೆ ಏನು ಹೇಳಿಯಾನು? ಊರಿಗೆ ಉದ್ಯೋಗ ತರುವುದು ಒಬ್ಬ ಶಾಸಕನ ಕೈಲಿಲ್ಲ. ಟವರ್ ಹಾಕುವುದೂ ಅವನ ಕೈಲಿಲ್ಲ. 'ಆಗಲ್ಲ' ಅಂದರೆ ಓಟು ಹೋಗುತ್ತದೆ. ಹಾಗಾಗಿ 'ಮಾಡೋಣ'. ಆ ಪದವನ್ನೇ ನೋಡಿ. 'ಮಾಡುತ್ತೇನೆ' ಅಲ್ಲ, 'ಮಾಡೋಣ'. ಅದರೊಳಗೆ ಅವರೂ ಇದ್ದಾರೆ, ನೀವೂ ಇದ್ದೀರಿ, ಇಡೀ ಊರೇ ಇದೆ. ನಾಳೆ ಆಗದಿದ್ದರೆ ಯಾರ ಕುತ್ತಿಗೆಪಟ್ಟಿ ಹಿಡಿಯುತ್ತೀರಿ?

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಆಮಂತ್ರಣ ಪತ್ರಿಕೆಯಿಂದ ಅಲ್ಲ. ಯಾರ ಕೈಲಿ ಏನಿದೆ ಅನ್ನುವುದರಿಂದ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಎಲ್ಲರಿಗೂ ಗೊತ್ತು. ವರ್ಷಕ್ಕೆ 2 ಕೋಟಿ ರೂಪಾಯಿ, ಇಡೀ ಕ್ಷೇತ್ರಕ್ಕೆ. ದೇವಸ್ಥಾನದ ಸಭಾಭವನದಿಂದ ಹಿಡಿದು ಕ್ರೀಡಾಂಗಣದ ತನಕ ಎಲ್ಲರ ಕಣ್ಣೂ ಅದರ ಮೇಲೆ. ನಿಮ್ಮ ಸರದಿ ಬರುವಾಗ ಏನೂ ಉಳಿದಿರುವುದಿಲ್ಲ. ಯಾರೂ ಅಷ್ಟಾಗಿ ಕಣ್ಣು ಹಾಕದ ಎರಡು ಅಧಿಕಾರ ಅವರಿಗಿದೆ. ನನ್ನ ಲೆಕ್ಕದಲ್ಲಿ ಹಳ್ಳಿ ಹುಡುಗರಿಗೆ ಜಾಸ್ತಿ ಉಪಯೋಗಕ್ಕೆ ಬರುವುದು ಅವೇ.

ಮೊದಲನೆಯದು ತಾಲೂಕು ಕೆಡಿಪಿ ಸಭೆ, ಅಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ ಸಭೆ. ಮೂರು ತಿಂಗಳಿಗೊಮ್ಮೆ ನಡೆಯಬೇಕಾದ ಪ್ರಗತಿ ಪರಿಶೀಲನೆ. ಅಧ್ಯಕ್ಷತೆ ಶಾಸಕರದ್ದೇ. ಕೃಷಿ, ಶಿಕ್ಷಣ, ಆರೋಗ್ಯ, ಲೋಕೋಪಯೋಗಿ, ಹೀಗೆ ಒಂದೊಂದು ಇಲಾಖೆಯ ತಾಲೂಕು ಅಧಿಕಾರಿಗಳು ಫೈಲು ಹಿಡಿದು ಕೂತಿರುತ್ತಾರೆ. ಅಲ್ಲಿ ಶಾಸಕರು ನಿಮ್ಮ ಊರಿನ ಹೆಸರು ಹೇಳಿ ಒಂದು ವಿಷಯ ಎತ್ತಿದರೆ ಅದು ನಡಾವಳಿಯಲ್ಲಿ, ಅಂದರೆ ಸಭೆಯ ಲಿಖಿತ ದಾಖಲೆಯಲ್ಲಿ, ಬರುತ್ತದೆ. ಮುಂದಿನ ಸಭೆಗೆ 'ಏನಾಯ್ತು' ಅಂತ ಅಧಿಕಾರಿ ಉತ್ತರ ಹೇಳಬೇಕು. ನಿಮ್ಮ ವೇದಿಕೆಯ ಮೇಲೆ ಕೊಟ್ಟ ಮಾತಿಗಿಂತ ಆ ನಡಾವಳಿಯ ಒಂದು ಸಾಲು ಗಟ್ಟಿ.

ಎರಡನೆಯದು ವಿಧಾನಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರಿಸುತ್ತಾರೆ, ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. 'ನಮ್ಮ ತಾಲೂಕಿನ ಸರ್ಕಾರಿ ಐಟಿಐಯಲ್ಲಿ ಎಷ್ಟು ಹುದ್ದೆ ಖಾಲಿ, ಯಾವಾಗಿನಿಂದ, ತುಂಬುವುದು ಯಾವಾಗ' ಅಂತ ಬರೆದು ಕೊಡಿ. ಶಾಸಕರಿಗೆ ಇದರಲ್ಲಿ ಒಂದು ರೂಪಾಯಿ ಖರ್ಚಿಲ್ಲ. 'ನಾನು ಸದನದಲ್ಲಿ ದನಿ ಎತ್ತಿದೆ' ಅಂತ ಹೇಳಿಕೊಳ್ಳಲು ಅವರಿಗೂ ಬೇಕು. ನಿಮಗೆ ಸಿಗುವುದು ಸರ್ಕಾರದ ಸಹಿ ಇರುವ ಉತ್ತರ. ಅದನ್ನು ಹಿಡಿದು ಮುಂದಿನ ಪ್ರಶ್ನೆ ಕೇಳಬಹುದು. ಇಷ್ಟು ಸುಲಭದ ದಾರಿ ಇದ್ದೂ ಯುವಕ ಸಂಘಗಳು ಇದನ್ನು ಯಾಕೆ ಕೇಳುವುದಿಲ್ಲವೋ! ಸಭಾಭವನದ ಮೇಲ್ಛಾವಣಿ ಕೇಳುತ್ತಾರೆ.

ನೆಟ್‌ವರ್ಕ್, ರೈಲು, ಅಂಚೆ ಕಚೇರಿ ಇವೆಲ್ಲ ಕೇಂದ್ರದ ವಿಷಯ. ಅದಕ್ಕೆ ಸಂಸದರನ್ನು ಹಿಡಿಯಬೇಕು. ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ದಿಶಾ ಸಮಿತಿಗೆ ಸಂಸದರೇ ಅಧ್ಯಕ್ಷರು. ಬೀದಿ ದೀಪ, ಕುಡಿಯುವ ನೀರು, ಗ್ರಂಥಾಲಯ ಗ್ರಾಮ ಪಂಚಾಯಿತಿಯದ್ದು. ಇದಕ್ಕೆ ಶಾಸಕರನ್ನು ಕರೆಸಿದರೆ ಅವರು ಪಿಡಿಒಗೆ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಫೋನ್ ಮಾಡುತ್ತಾರೆ ಅಷ್ಟೆ. ಆ ಫೋನ್ ನೀವೇ ಮಾಡಬಹುದಿತ್ತು.

ಒಂದು ಬಸ್ಸಿನ ಕಥೆ ಹೇಳುತ್ತೇನೆ. ಘಟ್ಟದ ಮೇಲಿನ ಊರು, ಹೆಸರು ಬೇಡ. ಕಾಲೇಜು ಇರುವ ಪೇಟೆ 22 ಕಿಲೋಮೀಟರ್ ದೂರ. ಸಂಜೆ ಊರ ಕಡೆ ಬರುವ ಕೊನೇ ಬಸ್ಸು 4.15ಕ್ಕೆ. ವಿಜ್ಞಾನದ ಪ್ರಾಕ್ಟಿಕಲ್ ಕ್ಲಾಸ್ ಮುಗಿಯುವುದು 4.30ಕ್ಕೆ. ಹುಡುಗರು ಯಾರದೋ ಬೈಕ್ ಹತ್ತಿ ಬರುತ್ತಿದ್ದರು. ಹುಡುಗಿಯರು ಅರ್ಧಕ್ಕೇ ಎದ್ದು ಓಡಬೇಕಿತ್ತು. ಇಲ್ಲಾ ಅಂದರೆ ಮೊದಲೇ ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಸೇರಬೇಕಿತ್ತು. ಹೆಚ್ಚಿನವರು ಅದನ್ನೇ ಮಾಡುತ್ತಿದ್ದರು.

ಮೊದಲ ವರ್ಷ ಅಲ್ಲಿನ ಹುಡುಗರು ಶಾಸಕರನ್ನು ಕರೆಸಿ 'ಹೆಣ್ಣುಮಕ್ಕಳ ಶಿಕ್ಷಣಕ್ಕೆ ನಿಮ್ಮ ಯೋಜನೆ ಏನು' ಅಂತ ಕೇಳಿದರು. ಹೆಣ್ಣು ಕಲಿತರೆ ಮನೆಯೇ ಕಲಿತ ಹಾಗೆ ಅಂತ ಅವರು ಇಪ್ಪತ್ತು ನಿಮಿಷ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು, ಚಪ್ಪಾಳೆಯೂ ಬಿತ್ತು. ಮರುವರ್ಷ ಅದೇ ಗುಂಪು ಒಂದು ನೋಟ್‌ಬುಕ್ ತಂದಿತ್ತು. ಎರಡು ವಾರ, ದಿನಾ ಇಬ್ಬರು ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರೆದದ್ದು. ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ವಿದ್ಯಾರ್ಥಿಗಳು ಹತ್ತಿದರು, ಅದರಲ್ಲಿ ಕ್ಲಾಸ್ ಬಿಟ್ಟು ಬಂದವರು ಎಷ್ಟು. ಕೊನೇ ಪುಟದಲ್ಲಿ ಒಂದೇ ಪ್ರಶ್ನೆ. '4.15ರ ಬಸ್ಸನ್ನು 4.50ಕ್ಕೆ ಬಿಡುವ ಬಗ್ಗೆ ನೀವು ಡಿಪೋ ಮ್ಯಾನೇಜರ್ ಹತ್ತಿರ ಮಾತಾಡುತ್ತೀರಾ? ಯಾವತ್ತು?'

ಶಾಸಕರು ನೋಟ್‌ಬುಕ್ ತಿರುವಿ ಹಾಕಿದರು. ಒಂದು ನಿಮಿಷ ಏನೂ ಹೇಳಲಿಲ್ಲ. ಆಮೇಲೆ ಅಲ್ಲಿಂದಲೇ ಫೋನ್ ಹಚ್ಚಿದರು, ಸ್ಪೀಕರ್ ಹಾಕಿ. ಆ ಕಡೆಯಿಂದ ಬಂದ ಉತ್ತರ ನನಗಿನ್ನೂ ನೆನಪಿದೆ. 'ಸಾರ್, 4.50 ಆಗಲ್ಲ. ಡ್ರೈವರ್ ಡ್ಯೂಟಿ ಅವರ್ಸ್ ಮೀರುತ್ತೆ. 4.40 ಮಾಡಬಹುದು.' ಶಾಸಕರು ಹುಡುಗಿಯರ ಕಡೆ ನೋಡಿದರು. ಒಬ್ಬಳು ಎದ್ದು 'ಹತ್ತು ನಿಮಿಷದಲ್ಲಿ ಓಡಿ ಬರ್ತೀವಿ ಸಾರ್' ಅಂದಳು. ಮೂರು ವಾರದಲ್ಲಿ ಸಮಯ ಬದಲಾಯಿತು.

ಸಂಘದ ಹಿರಿಯರೊಬ್ಬರಿಗೆ ಬೇಜಾರಾಗಿತ್ತು. 'ಊರಿನ ಭವಿಷ್ಯದ ಬಗ್ಗೆ ಮಾತಾಡಿ ಅಂದರೆ ಬಸ್ಸಿನ ಟೈಮ್ ಮಾತಾಡಿದ್ರಲ್ರೋ' ಅಂದರು. ಆ ಊರಲ್ಲಿ ಒಂದು ಹುಡುಗಿ ನರ್ಸ್ ಆಗಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಿದ್ದದ್ದು ಆ ಬಸ್ಸೇ ಅಲ್ವಾ? ಭವಿಷ್ಯ ಅನ್ನುವುದು ಬೇರೆ ಎಲ್ಲಿರುತ್ತದೆ?

ಫೋನಿನ ವಿಷಯದಲ್ಲಿ ಇನ್ನೊಂದು ಮಾತು. ಅವತ್ತು ಶಾಸಕರು ಖುಷಿಯಾಗಿ ಹೋದರು. ಇದು ಮುಖ್ಯ. ನಾವು ರಾಜಕಾರಣಿಯನ್ನು ಸಂವಾದಕ್ಕೆ ಕರೆಯುವುದು ಒಂದೋ ಪೂಜೆ ಮಾಡಲು, ಇಲ್ಲವೇ ಕಟಕಟೆಯಲ್ಲಿ ನಿಲ್ಲಿಸಲು. ಎರಡಕ್ಕೂ ಅವರ ಹತ್ತಿರ ತಯಾರಿ ಇರುತ್ತದೆ. ಪೂಜೆಗೆ ಭಾಷಣ, ಕಟಕಟೆಗೆ ಸಿಟ್ಟು. ಹುಡುಗರು ಲೆಕ್ಕ ಇಟ್ಟುಕೊಂಡು, ಆಗುವ ಕೆಲಸವೊಂದನ್ನು, ಎಲ್ಲರೆದುರಿಗೆ ಮಾಡಿ ತೋರಿಸುವ ಅವಕಾಶ ಕೊಟ್ಟರೆ ಬೇಡ ಅನ್ನುವವರನ್ನು ನಾನು ಕಮ್ಮಿ ನೋಡಿದ್ದೇನೆ.

ಹುಡುಗರ ಮಾತು ಕೇಳಬೇಕು ಅನ್ನುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ (ಈಗಿನ ಜಿಲ್ಲಾ, ಗ್ರಾಮ ಪಂಚಾಯಿತಿಗಳ ಹಿಂದಿನ ರೂಪ) ಚುನಾವಣೆ ನಡೆಯಿತು. ರಾಮಕೃಷ್ಣ ಹೆಗಡೆಯವರ ಸರ್ಕಾರ, ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅಂತ ಹೆಸರಾದವರು. ಆ ಚುನಾವಣೆಯಲ್ಲಿ 18 ತುಂಬಿದವರಿಗೆ ಓಟು ಕೊಟ್ಟರು. ಮಹಿಳೆಯರಿಗೆ ಶೇ 25 ಸೀಟು ಮೀಸಲಿಟ್ಟರು. ಆಗ ದೇಶದಲ್ಲಿ ಲೋಕಸಭೆ, ವಿಧಾನಸಭೆಗೆ ಓಟು ಹಾಕಲು 21 ಆಗಿರಬೇಕಿತ್ತು. ಅದು 18ಕ್ಕೆ ಇಳಿದದ್ದು 61ನೇ ತಿದ್ದುಪಡಿ ಜಾರಿಗೆ ಬಂದ ಮೇಲೆ, 1989ರಲ್ಲಿ. ಅಂದರೆ ನಿಮ್ಮ ಅಪ್ಪ ಅಮ್ಮನ ವಾರಿಗೆಯ ಹಳ್ಳಿ ಹುಡುಗರು ದೆಹಲಿಗಿಂತ ಮೊದಲು ತಮ್ಮ ಮಂಡಲಕ್ಕೆ ಓಟು ಹಾಕಿದವರು. ಮನೆಯಲ್ಲಿ ಕೇಳಿ ನೋಡಿ, ಯಾರಿಗಾದರೂ ನೆನಪಿರಬಹುದು.

ಇದನ್ನು ಹೇಳಿದ್ದು ಹೆಮ್ಮೆಗಲ್ಲ. ಆಮೇಲೆ ಏನಾಯಿತು ಅನ್ನುವುದೂ ಗೊತ್ತಿರಲಿ ಅಂತ. 1980ರ ದಶಕದ ಕೊನೆಗೆ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತುಹೋಯಿತು. ಗಲಾಟೆ ಆಗುತ್ತಿತ್ತು, ನಿಜ. ಆದರೆ ಹದಿನೆಂಟರ ಹುಡುಗ ಹುಡುಗಿಯರು ಪ್ರಿನ್ಸಿಪಾಲರ ಎದುರು ಕೂತು ವಾದ ಮಾಡುವ ಅಭ್ಯಾಸವೂ ಅದರ ಜೊತೆ ಹೋಯಿತು. ಜಿಲ್ಲಾ, ತಾಲೂಕು ಪಂಚಾಯಿತಿಗಳದ್ದು ಇನ್ನೊಂದು ಕಥೆ. 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿಯಿತು, ಮುಂದಿನ ಚುನಾವಣೆ ವರ್ಷಗಟ್ಟಲೆ ನಡೆಯಲೇ ಇಲ್ಲ. ಈಚೆಗೆ 18 ತುಂಬಿದ ಎಷ್ಟೋ ಜನರಿಗೆ ಜಿಲ್ಲಾ ಪಂಚಾಯಿತಿ ಸದಸ್ಯ ಅಂದರೆ ಯಾರು ಅಂತಲೇ ಗೊತ್ತಿಲ್ಲ. ಅಂಥವರನ್ನು ಏಕಾಏಕಿ ಶಾಸಕರ ಎದುರು ಮೈಕ್ ಕೊಟ್ಟು ನಿಲ್ಲಿಸಿ 'ಕೇಳು' ಅಂದರೆ ಏನು ಕೇಳಿಯಾರು, ಪಾಪ.

ಈ ಅಭ್ಯಾಸವನ್ನು ಬೇರೆ ಕಡೆಯಿಂದ ಶುರುಮಾಡಿದವರೂ ಇದ್ದಾರೆ. ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕು, ಕೆರಾಡಿಯಂಥ ಹಳ್ಳಿಗಳು. ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಎಂಬ ಸಂಸ್ಥೆ ಮತ್ತು ದುಡಿಯುವ ಮಕ್ಕಳದ್ದೇ ಆದ ಭೀಮ ಸಂಘ ಸೇರಿ 1995ರಲ್ಲಿ ಮಕ್ಕಳ ಪಂಚಾಯಿತಿ ಶುರುಮಾಡಿದವು. ಮಕ್ಕಳೇ ಓಟು ಹಾಕಿ ಮಕ್ಕಳನ್ನು ಆರಿಸುತ್ತಿದ್ದರು. ದೊಡ್ಡವರಲ್ಲಿ ತಮಗೆ ನಂಬಿಕೆ ಇರುವ ಒಬ್ಬರನ್ನು 'ಮಕ್ಕಳ ಮಿತ್ರ' ಅಂತ ಆರಿಸಿಕೊಳ್ಳುತ್ತಿದ್ದರು. ನನಗೆ ಅದರಲ್ಲಿ ತುಂಬಾ ಹಿಡಿಸಿದ್ದು ಬೇಡಿಕೆ ಇಡುವ ಮೊದಲು ಅವರು ಲೆಕ್ಕ ತೆಗೆಯುತ್ತಿದ್ದ ರೀತಿ. ಊರಿನ ನಕ್ಷೆ ಬರೆಯುತ್ತಿದ್ದರು, ಮನೆಮನೆಗೆ ಹೋಗಿ ಕೇಳುತ್ತಿದ್ದರು. ಮಳೆಗಾಲದಲ್ಲಿ ಹಳ್ಳ ದಾಟಲು ಅಡಿಕೆ ಮರದ ಕಾಲುಸಂಕವೇ ಗತಿಯಾದ ಕಡೆ 'ಸೇತುವೆ ಬೇಕು' ಅನ್ನುವುದು ಬೇರೆ. ಯಾವ ಹಳ್ಳ, ಯಾವ ತಿಂಗಳು, ಎಷ್ಟು ಮಕ್ಕಳು ಅಂತ ಹೇಳುವುದು ಬೇರೆ. ಹತ್ತನೇ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ ಆ ತಾಲೂಕಿನ 56 ಪಂಚಾಯಿತಿಗಳಲ್ಲಿ ಮಕ್ಕಳು ತಮ್ಮ ಊರಿನ ಯೋಜನೆಯನ್ನು ತಾವೇ ಬರೆದು ಕೊಟ್ಟರು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮ ಸಭೆ ಮಾಡಬೇಕು ಅಂತ ಸುತ್ತೋಲೆ ಹೊರಡಿಸಿತು.

ಸುತ್ತೋಲೆ ಬಂದ ಮೇಲೆ ಎಲ್ಲವೂ ಸರಿಹೋಯಿತಾ ಅಂದರೆ, ಇಲ್ಲ. ನಾನು ನೋಡಿದ ಮಕ್ಕಳ ಗ್ರಾಮ ಸಭೆಗಳಲ್ಲಿ ಅರ್ಧದಷ್ಟು ಬರೀ ಶಾಸ್ತ್ರ. ಮೇಷ್ಟ್ರು ಬರೆದು ಕೊಟ್ಟ ಚೀಟಿಯನ್ನು ಮಕ್ಕಳು ಓದುತ್ತಾರೆ, ಬಿಸ್ಕತ್ತು ಹಂಚುತ್ತಾರೆ, ಫೋಟೋ ಹೊಡೆದು ಮೇಲಕ್ಕೆ ಕಳಿಸುತ್ತಾರೆ. ಆದರೆ ಉಳಿದರ್ಧ ಇದೆಯಲ್ಲ, ಅದರಲ್ಲಿ ಒಂದನ್ನು ಹೇಳಲೇಬೇಕು.

ಕರಾವಳಿಯ ಒಂದು ಪಂಚಾಯಿತಿ. ಎಂಟನೇ ಕ್ಲಾಸಿನ ಹುಡುಗಿ ಎದ್ದು ನಿಂತಳು. ಮೈಕ್ ಅವಳ ಹಣೆಯ ಮಟ್ಟದಲ್ಲಿತ್ತು. ಪಿಡಿಒ ಬಂದು ಅದನ್ನು ಕೆಳಗಿಳಿಸಿದರು. 'ನಮ್ಮ ಶಾಲೆಯಲ್ಲಿ ಹುಡುಗಿಯರ ಶೌಚಾಲಯ ಕಟ್ಟಿಸಿದ್ದೀರಿ, ಥ್ಯಾಂಕ್ಸ್. ಒಳಗೆ ಚಿಲಕ ಇಲ್ಲ. ಒಬ್ಬಳು ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ಹಿಡಿದು ನಿಲ್ಲುವವಳಿಗೆ ಪಾಠ ಹೋಗುತ್ತದೆ' ಅಂದಳು. ಅಷ್ಟೆ. ಕೂತಳು. ಹಿಂದೆ ಯಾರೋ ಹುಡುಗರು ಕಿಸಕ್ಕೆಂದರು, ಅವಳು ತಿರುಗಿ ನೋಡಲಿಲ್ಲ.

ಅಧ್ಯಕ್ಷರು ಕ್ರಿಯಾ ಯೋಜನೆ, ಅನುಮೋದನೆ ಅಂತ ಏನೋ ಹೇಳತೊಡಗಿದರು. ಮಧ್ಯೆ ಒಬ್ಬ ಸದಸ್ಯರು 'ಬಿಡಿ ಮಾರಾಯ್ರೇ, ನೂರು ರೂಪಾಯಿ ಚಿಲಕ, ನಾನೇ ನಾಳೆ ಹಾಕಿಸ್ತೇನೆ' ಅಂದರು. ಒಳ್ಳೇ ಮನುಷ್ಯ, ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಎಲ್ಲರೂ ಚಪ್ಪಾಳೆ ತಟ್ಟಲು ಹೊರಟಿದ್ದರು. ಹುಡುಗಿಯ ಪಕ್ಕ ಕೂತ ಟೀಚರ್ 'ಬೇಡ ಸರ್, ನಿಮ್ಮ ಕಿಸೆಯಿಂದ ಬೇಡ. ನಮ್ಮ ಪಂಚಾಯಿತಿಯಲ್ಲಿ ಇನ್ನೂ ನಾಲ್ಕು ಶಾಲೆ ಇದೆ' ಅಂದರು. ಒಂದು ಕ್ಷಣ ಸಭೆ ತಣ್ಣಗಾಯಿತು. ಕೊನೆಗೆ ನಡಾವಳಿಯಲ್ಲಿ ಬರೆದದ್ದು ಹೀಗೆ. ಐದೂ ಶಾಲೆಗಳ ಶೌಚಾಲಯದ ಬಾಗಿಲು, ಚಿಲಕ, ನೀರು ಪರಿಶೀಲಿಸಿ ತಿಂಗಳೊಳಗೆ ಸರಿಪಡಿಸುವುದು, ಜವಾಬ್ದಾರಿ ಪಿಡಿಒ. ದಿನಾಂಕ ಹಾಕಿದರು. ಆ ಟೀಚರ್ ಅಡ್ಡ ಬಾರದಿದ್ದರೆ ಒಂದು ಚಿಲಕ ಬರುತ್ತಿತ್ತು, ಸದಸ್ಯರಿಗೆ ಒಳ್ಳೇ ಹೆಸರು ಬರುತ್ತಿತ್ತು. ಉಳಿದ ನಾಲ್ಕು ಶಾಲೆಯ ಹುಡುಗಿಯರು ಬಾಗಿಲು ಹಿಡಿದು ನಿಂತೇ ಇರುತ್ತಿದ್ದರು.

ನಿಮ್ಮ ಶಾಸಕರೂ ಹೀಗೆ ಕಿಸೆಗೆ ಕೈ ಹಾಕಬಹುದು. ವಾಲಿಬಾಲ್ ಕಿಟ್, ಸಂಘಕ್ಕೆ ಹತ್ತು ಸಾವಿರ, ಗಣೇಶೋತ್ಸವಕ್ಕೆ ಸೌಂಡ್ ಸಿಸ್ಟಂ. ತಗೊಂಡ ಕ್ಷಣದಿಂದ ನೀವು ಪ್ರಶ್ನೆ ಕೇಳುವವರಲ್ಲ, ಫಲಾನುಭವಿಗಳು. ಮುಂದಿನ ವರ್ಷ ಅವರೆದುರು ನೋಟ್‌ಬುಕ್ ತೆಗೆಯಲು ಕೈ ಬರುವುದಿಲ್ಲ. ನಯವಾಗಿ ಬೇಡ ಅನ್ನಿ. 'ಇದರ ಬದಲು ಕೆಡಿಪಿಯಲ್ಲಿ ಒಂದು ವಿಷಯ ಎತ್ತಿ ಸಾರ್' ಅನ್ನಿ.

ಈಗ ದಿನದ ವಿಷಯಕ್ಕೆ ಬರೋಣ. ತಡವಾಗಿ ಬರುವುದನ್ನು ನಿಲ್ಲಿಸಲು ನಿಮ್ಮಿಂದಾಗುವುದಿಲ್ಲ. ಶಾಸಕರ ದಿನ ಬೆಳಿಗ್ಗೆ ಮನೆಯೆದುರು ನಿಂತ ಜನರಿಂದ ಶುರುವಾಗಿ, ಎರಡು ಸಾವಿನ ಮನೆ, ಮೂರು ಮದುವೆ, ಒಂದು ಗುದ್ದಲಿ ಪೂಜೆ ದಾಟಿ ನಿಮ್ಮ ಹತ್ತಿರ ಬರುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತೂವರೆ ಅನ್ನುವ ಸಮಯವನ್ನೇ ಬಿಡಿ. ಸಂಜೆ ಆರಕ್ಕೆ ಇಡಿ, ದಿನದ ಕೊನೇ ಕಾರ್ಯಕ್ರಮವಾಗಿ. ಆಮೇಲೆ ಎಲ್ಲಿಗೂ ಓಡಬೇಕಾಗಿಲ್ಲ. ದಿನ ಗೊತ್ತುಮಾಡುವುದು ಆಪ್ತ ಸಹಾಯಕರ ಕೈಲಿ, ಅವರ ಜೊತೆ ಮಾತಾಡಿ. ಪ್ರಶ್ನೆಗಳನ್ನು ಒಂದು ವಾರ ಮೊದಲೇ ಬರೆದು ಕೊಡಿ. ಮೊದಲೇ ಕೊಟ್ಟರೆ ಜಾರಿಕೊಳ್ಳಲು ತಯಾರಾಗುತ್ತಾರೆ ಅಂತ ಹುಡುಗರು ಹೇಳುತ್ತಾರೆ. ಉತ್ತರಿಸಲು ತಯಾರಾಗುವವರೇ ಜಾಸ್ತಿ. ಗೊತ್ತಿಲ್ಲದ ಪ್ರಶ್ನೆ ಎದುರಾದಾಗಲೇ ಮನುಷ್ಯ ಭಾಷಣ ಮಾಡುವುದು.

ವೇದಿಕೆ ಬೇಡ. ಶಾಲೆಯ ವರಾಂಡದಲ್ಲಿ ಜಮಖಾನೆ ಹಾಸಿ ಸುತ್ತಲೂ ಕೂತರೆ ಸಾಕು. ಹಾರ, ಶಾಲು, ಸ್ಮರಣಿಕೆ ಬಿಟ್ಟರೆ ಸಿಟ್ಟು ಬರುವುದು ಶಾಸಕರಿಗಲ್ಲ, ಅವರ ಜೊತೆ ಬಂದ ಹಿಂಬಾಲಕರಿಗೆ. ಒಂದು ಲೋಟ ಕಷಾಯ, ನೀರುದೋಸೆ ಕೊಡಿ, ಎಲ್ಲ ಸರಿಹೋಗುತ್ತದೆ.

ಯಾರು ಮಾತಾಡುತ್ತಾರೆ ಅನ್ನುವುದು ಇದಕ್ಕಿಂತ ಕಷ್ಟದ ಪ್ರಶ್ನೆ. ನೀವು 'ಯುವಕ ಸಂಘ' ಅಂತ ಬರೆದಿದ್ದೀರಿ. ಅದರಲ್ಲಿ ಹುಡುಗಿಯರು ಎಷ್ಟು? ಊರಿನ ಎಲ್ಲ ಕೇರಿಯವರೂ ಇದ್ದಾರಾ? ಅಡಿಕೆ ಕೊಯ್ಲಿಗೆ ಹೋಗುವ ಹುಡುಗ, ಗಾರ್ಮೆಂಟ್ಸ್‌ಗೆ ಹೋಗಿ ವಾಪಸ್ ಬಂದ ಹುಡುಗಿ? ಪ್ರತಿ ಊರಲ್ಲೂ ಮೈಕ್ ಸಿಕ್ಕಿದರೆ ಮಾತಾಡುವ ಅದೇ ಐದಾರು ಜನ ಇರುತ್ತಾರೆ. ಬಹುಶಃ ನೀವೂ ಅದರಲ್ಲಿ ಒಬ್ಬರು. ಬೇಜಾರು ಮಾಡಿಕೊಳ್ಳಬೇಡಿ, ನಾನೂ ನಮ್ಮೂರಲ್ಲಿ ಹಾಗೇ ಇದ್ದೆ.

ಇದಕ್ಕೆ ಯುರೋಪಿನಲ್ಲಿ ಒಂದು ಉಪಾಯ ಮಾಡಿದರು. ಯುರೋಪಿನ ಒಕ್ಕೂಟ ಮುಂದೆ ಯಾವ ದಾರಿ ಹಿಡಿಯಬೇಕು ಅಂತ 2021–22ರಲ್ಲಿ ದೊಡ್ಡ ಸಮಾಲೋಚನೆ ನಡೆಯಿತು. ನಾಲ್ಕು ಗುಂಪು, ಒಂದೊಂದರಲ್ಲಿ 200 ಜನ ಸಾಮಾನ್ಯರು. ಅವರನ್ನು ಆರಿಸಿದ್ದು ಚೀಟಿ ಎತ್ತಿದ ಹಾಗೆ, ಯಾದೃಚ್ಛಿಕವಾಗಿ. ಮೂರರಲ್ಲಿ ಒಂದು ಪಾಲು 16ರಿಂದ 25 ವರ್ಷದವರೇ ಇರಬೇಕು ಅಂತ ನಿಯಮ. ಕೊನೆಗೆ 49 ಪ್ರಸ್ತಾವ ಬಂದವು. ಅದರಲ್ಲಿ ಎಷ್ಟು ಜಾರಿಯಾಯಿತು ಅನ್ನುವ ಜಗಳ ಅಲ್ಲೂ ಇದೆ. ನಮಗೆ ಬೇಕಾದ್ದು ಆ ಚೀಟಿ. ನಿಮ್ಮ ಪಂಚಾಯಿತಿಯ ಮತದಾರರ ಪಟ್ಟಿ ತಗೊಳ್ಳಿ. 18ರಿಂದ 29ರ ವಯಸ್ಸಿನವರ ಹೆಸರು ಬೇರೆ ಮಾಡಿ. ಗಂಡು ಹೆಣ್ಣು ಎರಡು ಡಬ್ಬಿ, ವಾರ್ಡಿಗೆ ಇಷ್ಟು ಅಂತ ಚೀಟಿ ಎತ್ತಿ 24 ಜನರನ್ನು ಆರಿಸಿ. ಮನೆಗೆ ಹೋಗಿ ಕರೆಯಿರಿ. ಹತ್ತು ಜನ ಬರುವುದಿಲ್ಲ, ಅವರ ಬದಲು ಮತ್ತೆ ಎತ್ತಿ. ಶಾಸಕರು ಬರುವ ಮುಂಚೆ ಆ ಗುಂಪು ಎರಡು ಸಂಜೆ ಕೂತು ಯಾವ ಎರಡು ವಿಷಯ ಅಂತ ತೀರ್ಮಾನಿಸಲಿ. ಸಂಘದವರು ಚಾಪೆ ಹಾಸಿ, ಚಹಾ ಕೊಟ್ಟು, ಬರೆದುಕೊಂಡರೆ ಸಾಕು. ಯಾವ ಪಕ್ಷದವರು ಮಾಡಿಸಿದ್ದು ಅನ್ನುವ ಗುಸುಗುಸುಗೂ ಇದರಿಂದ ಬಾಯಿ ಮುಚ್ಚುತ್ತದೆ. ಚೀಟಿಗೆ ಪಕ್ಷ ಇಲ್ಲ.

ಪಟ್ಟಿ ನೋಡುವಾಗ ಇನ್ನೊಂದು ಕೆಲಸವೂ ಆಗುತ್ತದೆ. 18 ತುಂಬಿದ್ದೂ ಹೆಸರಿಲ್ಲದವರು ಸಿಗುತ್ತಾರೆ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ, ಅಂದರೆ 18 ತುಂಬಿದೆಯಾ ಅಂತ ಲೆಕ್ಕ ಹಾಕುವ ದಿನ, ಇವೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಹದಿನೇಳು ತುಂಬಿದವರೂ ಮೊದಲೇ ಅರ್ಜಿ ಹಾಕಿಡಬಹುದು. ಹೆಸರು ಬಂದ ಮೇಲೆ ಅವರು ಗ್ರಾಮ ಸಭೆಯ ಸದಸ್ಯರು, ಯಾರ ಆಮಂತ್ರಣವೂ ಬೇಡ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆ ನಡೆಯಲೇಬೇಕು. ಶಾಸಕರ ಸಂವಾದಕ್ಕೆ ಬಂದ ಹುಡುಗರು ಗ್ರಾಮ ಸಭೆಗೆ ಬರದಿರುವುದು ನನಗೆ ಯಾವತ್ತೂ ಅರ್ಥವಾಗದ ವಿಷಯ.

ದೆಹಲಿಯ ಬಗ್ಗೆಯೂ ನಿಮ್ಮಲ್ಲಿ ಯಾರಾದರೂ ಕೇಳಬಹುದು. 2025ರ ಜನವರಿಯಲ್ಲಿ ಭಾರತ ಮಂಟಪದಲ್ಲಿ ದೇಶದ ಸುಮಾರು 3000 ಯುವಕ ಯುವತಿಯರ ಜೊತೆ ಪ್ರಧಾನಿ ಸಂವಾದ ನಡೆಸಿದರು. ಕ್ವಿಜ್, ಪ್ರಬಂಧ, ಮಂಡನೆ ಹೀಗೆ ಮೆಟ್ಟಿಲು ಹತ್ತಿ ಹೋದವರು ಅವರು. ಅವಕಾಶ ಇದ್ದರೆ ಹೋಗಿ ಬನ್ನಿ, ಅನುಭವ ಆಗುತ್ತದೆ. ಆದರೆ ಅದು ಜಾಣರನ್ನು ಆರಿಸುವ ದಾರಿ. ನಿಮ್ಮೂರಿನ ಹಳ್ಳದ ಬಗ್ಗೆ ಮಾತಾಡಲು ಕ್ವಿಜ್ ಗೆದ್ದವರು ಬೇಕಾಗಿಲ್ಲ, ಹಳ್ಳ ದಾಟುವವರು ಬೇಕು.

ಸಂವಾದ ಮುಗಿದ ಮರುದಿನದ ಕೆಲಸವೇ ನಿಜವಾದ ಕೆಲಸ. ಅಲ್ಲಿ ನಡೆದ ಮಾತನ್ನು ಒಂದು ಪುಟದಲ್ಲಿ ಬರೆಯಿರಿ. ಯಾರು, ಏನು, ಯಾವ ದಿನದೊಳಗೆ. 'ಮಾಡೋಣ' ಅಂದದ್ದನ್ನೆಲ್ಲ 'ಮಾಡುತ್ತೇನೆ ಎಂದು ತಿಳಿಸಿದರು' ಅಂತ ಬರೆದು 'ತಪ್ಪಿದ್ದರೆ ತಿಳಿಸಿ' ಅಂತ ಸೇರಿಸಿ, ಶಾಸಕರ ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅದರ ಒಂದು ಪ್ರತಿಯನ್ನು ಪಂಚಾಯಿತಿ ಗ್ರಂಥಾಲಯದ, ಅಂದರೆ ಈಗಿನ ಅರಿವು ಕೇಂದ್ರದ ಬೋರ್ಡಿಗೆ ಅಂಟಿಸಿ. ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದು ಎರಡು ದಿನದಲ್ಲಿ ಮೇಲಕ್ಕೆ ಹೋಗಿ ಕಳೆದುಹೋಗುತ್ತದೆ. ಬೋರ್ಡಿನ ಮೇಲಿನ ಹಾಳೆ ಹಳದಿಯಾಗುವ ತನಕ ಇರುತ್ತದೆ. ಮೂರು ತಿಂಗಳಾದ ಮೇಲೆ ಕೆಡಿಪಿ ಸಭೆಯ ನಡಾವಳಿ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಇದು ಜಗಳಕ್ಕಲ್ಲ. ವಿಷಯ ಎತ್ತಿದ್ದರೆ ಶಾಸಕರಿಗೆ ಒಂದು ಥ್ಯಾಂಕ್ಸ್ ಪತ್ರ ಬರೆಯಿರಿ. ಥ್ಯಾಂಕ್ಸ್ ಪತ್ರ ಯಾರೂ ಬರೆಯುವುದಿಲ್ಲ, ಹಾಗಾಗಿ ಅದು ನೆನಪಿರುತ್ತದೆ.

ಕೆಲವು ಸಲ ಉತ್ತರ 'ಆಗಲ್ಲ' ಅಂತಲೇ ಬರುತ್ತದೆ. ಅರಣ್ಯ ಇಲಾಖೆಯ ಜಾಗ, ಅನುಮತಿ ಸಿಗಲ್ಲ. ಮಕ್ಕಳ ಸಂಖ್ಯೆ ಕಮ್ಮಿ, ಹೈಸ್ಕೂಲು ಆಗಲ್ಲ. ಎದುರಿಗೇ, ಕಾರಣ ಸಮೇತ 'ಆಗಲ್ಲ' ಅಂದ ಶಾಸಕರಿಗೆ ಚಪ್ಪಾಳೆ ತಟ್ಟಿ ಅಂತ ನಾನು ಹುಡುಗರಿಗೆ ಹೇಳುತ್ತೇನೆ. ಮೊದಲು ನಗುತ್ತಾರೆ. ಆದರೆ ಆ ಒಂದು 'ಆಗಲ್ಲ'ದಿಂದ ಬೇರೆ ದಾರಿ ಹುಡುಕಲು ನಿಮಗೆ ಒಂದು ವರ್ಷ ಉಳಿಯುತ್ತದೆ.

ಸಂಘದ ಎರಡು ಗುಂಪಿನ ಜಗಳಕ್ಕೆ ಬರೋಣ. ದಂಡ ಅನ್ನುವವರನ್ನು ಬಿಟ್ಟು ಮುಂದೆ ಹೋಗಬೇಡಿ. ಹೋದ ಸಲದ್ದು ದಂಡವೇ ಆಗಿತ್ತು, ಅವರು ಹೇಳುವುದು ಸರಿ. ಲೆಕ್ಕ ತೆಗೆಯುವ ಕೆಲಸ ಅವರಿಗೇ ಕೊಡಿ, ಅನುಮಾನ ಇರುವವರು ಎಣಿಕೆ ಚೆನ್ನಾಗಿ ಮಾಡುತ್ತಾರೆ. ಅದಕ್ಕೂ ಮೊದಲು ಹೋದ ವರ್ಷದ ಆ ಮೂರು ಪ್ರಶ್ನೆ ಏನಿತ್ತು ಅಂತ ಹುಡುಕಿ. ಯಾರಾದರೂ ವಿಡಿಯೋ ಮಾಡಿರುತ್ತಾರೆ. ಶಾಲು ಹೊದಿಸುವಲ್ಲಿಗೇ ನಿಲ್ಲಿಸದಿದ್ದರೆ, ಕೊನೆಯಲ್ಲಿ ಸಿಗಬಹುದು. ಸಿಕ್ಕಿದರೆ ನನಗೂ ಬರೆದು ಕಳಿಸಿ, ಅದು ಯಾರ ಕೈಲಿರುವ ಕೆಲಸ ಅಂತ ಕೂತು ನೋಡೋಣ. ಈ 'ನೋಡೋಣ'ದಲ್ಲಿ ನಾನು ಖಂಡಿತ ಇದ್ದೇನೆ.